ಔಷಧಿ ನೀರಿನ ಕೈ

ನಮ್ಮ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಕೋಣೆ ಒಂದೇ. ಅದು ಹುಳುಗಳದ್ದು. ಹುತ್ತೂರಿನ ಕಡೆ ರೇಷ್ಮೆ ಸಾಕುವವರ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಹುಳುಗಳು ನೆಲೆಯಾದ ಮೇಲೆ ಉಳಿದ ಜಾಗದಲ್ಲಿ ಮನುಷ್ಯರು ಹೊಂದಿಕೊಳ್ಳಬೇಕು. ನಡುಮನೆಯಲ್ಲಿ ಅಪ್ಪ, ಅಮ್ಮ, ನಾನು. ಅಡುಗೆಮನೆಯ ಪಕ್ಕದ ಸಂದಿಯಲ್ಲಿ ಅಜ್ಜಿ ಮತ್ತು ಅವಳ ಟ್ರಂಕು. ಹುಳುಗಳಿಗೆ ಮಾತ್ರ ಎರಡು ದೊಡ್ಡ ಕಿಟಕಿ, ಕಿಟಕಿಗೆ ಪರದೆ, ಚಳಿಗಾಲ ಬಂದರೆ ಕೆಂಡದ ಬಾಣಲೆ. ನನಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿಸಿ ಮಲಗಿಸುತ್ತಿದ್ದರು. ಹುಳಕ್ಕೆ ಜ್ವರ ಬಂತೆಂದರೆ ಮನೆಗೆ ಮನೆಯೇ ಪಿಸುಮಾತಿಗೆ ಇಳಿಯುತ್ತಿತ್ತು. ಅದು ನಿಜವಾದ ಜ್ವರವಲ್ಲ. ಹಳೆಯ ಚರ್ಮ ಕಳಚುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಯಾರೂ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಬಾಗಿಲನ್ನು ಧಡಾರನೆ ಹಾಕಬಾರದು. ಕೂತಲ್ಲಿ ಕೂರದ ನನ್ನಂಥವಳಿಗೆ ಆ ಒಂದು ದಿನ ದೊಡ್ಡ ಶಿಕ್ಷೆ. ಉಗುರು ಕಚ್ಚುವುದು, ಹಿತ್ತಲಿಗೂ ಬೀದಿಗೂ ಹತ್ತು ಸಲ ಓಡಾಡುವುದು, ಸುಮ್ಮನಿರೇ ಅಂತ ಬೈಸಿಕೊಳ್ಳುವುದು, ಇದೇ ನನ್ನ ಕೆಲಸ. ಈಗಲೂ ಅದು ಪೂರ್ತಿ ಬಿಟ್ಟಿಲ್ಲ.

ಆ ಮನೆಗೆ ಬುಜ್ಜಿ ಬಂದದ್ದು ಮಾವಿನಹಣ್ಣಿನ ರಟ್ಟಿನ ಡಬ್ಬದಲ್ಲಿ. ಅಪ್ಪನ ಅಕ್ಕ, ರಾಯಲ್ಪಾಡಿನ ಅತ್ತೆ, ತಮ್ಮ ಮನೆಯ ಮೊಲ ಮರಿ ಹಾಕಿತೆಂದು ಒಂದನ್ನು ನನಗೆ ತಂದುಕೊಟ್ಟಿದ್ದರು. ಒಲೆಯ ಬೂದಿಯ ಬಣ್ಣ, ಒಂದು ಕಿವಿಯ ತುದಿ ಮಾತ್ರ ಬಿಳಿ. ಅತ್ತೆ ಅಲ್ಲಿಯ ತೆಲುಗಿನಲ್ಲಿ ಬುಜ್ಜಿ ಎಂದು ಕರೆಯುತ್ತಿದ್ದರಿಂದ ನಾವೂ ಹಾಗೇ ಕರೆದೆವು. ಹಿತ್ತಲ ಜಗಲಿಯಲ್ಲಿ ಒಂದು ಟೊಮೇಟೊ ಕ್ರೇಟನ್ನು ಅಡ್ಡ ಮಲಗಿಸಿ, ಒಳಗೆ ಗೋಣಿತಾಟು ಹಾಸಿ ಅದಕ್ಕೆ ಮನೆ ಮಾಡಿದೆ. ಹುಳು ತಿಂದು ಮಿಗುವ ಹಿಪ್ಪುನೇರಳೆ ಸೊಪ್ಪು ಬೇಕಾದಷ್ಟಿತ್ತು. ಆರು ತಿಂಗಳಲ್ಲಿ ಬುಜ್ಜಿ ನನ್ನ ಕಾಲಿಗೆ ಅಂಟಿಕೊಂಡೇ ಬೆಳೆಯಿತು. ನಾನು ಶಾಲೆಯಿಂದ ಬಂದು ಜಗಲಿಯಲ್ಲಿ ಕೂತರೆ ಬಂದು ತನ್ನ ತಲೆಯನ್ನು ನನ್ನ ಅಂಗೈ ಕೆಳಗೆ ತೂರಿಸುತ್ತಿತ್ತು. ಸವರು ಎಂದು ಅದರ ಅಪ್ಪಣೆ. ಸವರುವುದು ನಿಲ್ಲಿಸಿದರೆ ಮೂಗಿನಿಂದ ಒಂದು ತಿವಿತ. ಲೋಕದಲ್ಲಿ ನನ್ನನ್ನು ಸುಮ್ಮನೆ ಕೂರಿಸಬಲ್ಲ ಪ್ರಾಣಿ ಅದೊಂದೇ ಎಂದು ಅಮ್ಮ ನಗುತ್ತಿದ್ದಳು.

ಆ ವರ್ಷ ನಾನು ನಾಲ್ಕನೇ ಕ್ಲಾಸು. ಒಂದು ಬೆಳೆ ಮುಗಿದು ಗೂಡು ಮಾರಾಟಕ್ಕೆ ಹೋದ ಮೇಲೆ ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲಸಿದ ನೀರನ್ನು ಮೂಲೆಮೂಲೆಗೂ ಹೊಡೆದು, ಬಾಗಿಲು ಕಿಟಕಿಯ ಸಂದಿಗಳಿಗೆ ಕಾಗದ ಅಂಟಿಸಿ ಮುಚ್ಚಿಡುತ್ತಾರೆ. ಹಿಂದಿನ ಬೆಳೆಯ ರೋಗ ಮುಂದಿನದಕ್ಕೆ ಹತ್ತಬಾರದಲ್ಲ. ಆ ನೀರಿಗೆ ನಮ್ಮ ಮನೆಯಲ್ಲಿ ಔಷಧಿ ನೀರು ಎಂದೇ ಹೆಸರು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು, ಪಂಪು ಬೆನ್ನಿಗೆ ಹಾಕಿಕೊಂಡು ಸಿದ್ಧವಾದರು. ಬುಜ್ಜಿಗೆ ಆ ಕೋಣೆ ಎಂದರೆ ಆಸೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಮೂಲೆಯಲ್ಲಿ ಒರಗಿಸಿಟ್ಟಿದ್ದರೆ ಅವುಗಳ ಹಿಂದೆ ಹೋಗಿ ಮಲಗುವುದು ಅದರ ಚಾಳಿ. ಅಮ್ಮ ಗೋಧಿಹಿಟ್ಟಿನ ಅಂಟು ಕಲಸುತ್ತಾ ಕೂಗಿದಳು:

"ಸುಮೀ, ಮೊಲ ಒಳಗೈತಾ ನೋಡೇ. ಚಂದ್ರಿಕೆ ಹಿಂದೆ ಬಗ್ಗಿ ನೋಡು."

ಬೀದಿಯಲ್ಲಿ ಕುಂಟೆಬಿಲ್ಲೆ ಶುರುವಾಗಿತ್ತು. ನನ್ನ ಸರದಿ ಬಂದಿತ್ತು. ಒಂದು ಕಾಲು ಹೊಸ್ತಿಲಾಚೆ ಇಟ್ಟುಕೊಂಡೇ ಕೂಗಿದೆ:

"ನೋಡ್ದೆ, ಇಲ್ಲ!"

ಅಪ್ಪ ಹೊಡೆದು ಹೊರಗೆ ಬಂದರು. ಅಮ್ಮ ಬಾಗಿಲೆಳೆದು ಕಾಗದ ಅಂಟಿಸಿದಳು. ಒಂದು ಗಂಟೆಯ ಮೇಲಾಗಿರಬೇಕು. ನಾನು ಬೆವರು ಒರೆಸಿಕೊಂಡು ನೀರು ಕುಡಿಯಲು ಬಂದಾಗ ಅಜ್ಜಿ ಆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಳು. ಒಳಗಿಂದ ಧಪ್ ಎಂದು ಒಂದು ಸದ್ದು. ಸ್ವಲ್ಪ ಬಿಟ್ಟು ಮತ್ತೆ ಧಪ್. ಮೊಲ ಹೆದರಿದಾಗ ಹಿಂಗಾಲಿನಿಂದ ನೆಲಕ್ಕೆ ಹೊಡೆಯುತ್ತದೆ. ನಾನು ಅಮ್ಮನನ್ನು ಕೂಗಿದೆ.

ಅಂಟಿಸಿದ ಕಾಗದ ಹರಿದು ಬಾಗಿಲು ತೆರೆದರೆ ಕಣ್ಣು ಉರಿಯುವ ಘಾಟು. ಬುಜ್ಜಿ ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟುಕೊಂಡು ಬಿದ್ದಿತ್ತು. ಸಂದಿಯ ಒಂದು ತುದಿಗೆ ಅಂಟು ಸರಿಯಾಗಿ ಹತ್ತಿರಲಿಲ್ಲ, ಅಲ್ಲಿಂದ ಬಂದ ಗಾಳಿಯೇ ಅದನ್ನು ಉಳಿಸಿತ್ತು. ಮೈಯೆಲ್ಲ ಒದ್ದೆ, ಕಣ್ಣಲ್ಲಿ ನೀರು. ಅಮ್ಮ ಬಚ್ಚಲಿಗೆ ಒಯ್ದು ನೀರು ಸುರಿದಳು. ಹಿಡಿದುಕೋ ಎಂದಳು, ನಾನು ಹಿಡಿದುಕೊಂಡೆ. ಭಯಕ್ಕೆ ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅದರ ಪಕ್ಕೆ ಎಲುಬು ನನ್ನ ಬೆರಳಿಗೆ ಎಣಿಸುವಂತೆ ಸಿಕ್ಕಿತು. ಅದು ಒದ್ದಾಡಿತು, ನಾನು ಇನ್ನೂ ಬಿಗಿ ಹಿಡಿದೆ. ಆಗ ಬುಜ್ಜಿ ಚೀರಿತು. ಮೊಲಕ್ಕೆ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಆ ದನಿಯನ್ನು ಮತ್ತೆ ಯಾವತ್ತೂ ಕೇಳಿಲ್ಲ, ಕೇಳುವುದೂ ಬೇಡ.

ಅಪ್ಪ ಮುಖ ತೊಳೆದು ಬಂದವರು ಕೇಳಿದರು:

"ಬಾಗಿಲು ಹಾಕೋ ಮುಂಚೆ ನೋಡಿದ್ದು ಯಾರು?"

"ಇವಳನ್ನ ಕೇಳ್ದೆ. ನೋಡ್ದೆ ಅಂದ್ಲು," ಎಂದಳು ಅಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ನೋಡಿರಲಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ನನ್ನ ಬಾಯಿ ಬೇರೆಯೇ ಒಂದನ್ನು ಹೆಣೆದುಬಿಟ್ಟಿತು.

"ನೋಡಿದ್ದೆ ಅಪ್ಪಾ. ಆಗ ಇರ್ಲಿಲ್ಲ. ಅಮ್ಮ ಅಂಟು ತರೋಕೆ ಹೋದಾಗ ಬಾಗಿಲು ತೆರೆದಿಟ್ಟಿದ್ಲು. ಆಗ ಒಳಗೆ ಹೋಗಿರ್ಬೇಕು."

ಅಪ್ಪ ಅಮ್ಮನ ಕಡೆ ತಿರುಗಿದರು. "ಕಣ್ಣು ಎಲ್ಲಿಟ್ಟಿದ್ಯೇ? ಮೂಕ ಪ್ರಾಣಿ ಸಾಯ್ತಿತ್ತಲ್ಲ." ಅಮ್ಮ ನೆನಪು ಮಾಡಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಇರ್ಬೋದು," ಎಂದಳು. ನನ್ನ ಸುಳ್ಳನ್ನು ಅವಳು ನಂಬಿದ್ದಳು. ಅಂದು ಸಂಜೆ ನಾನು ಕೇಳದೆಯೇ ಕೊತ್ತಂಬರಿ ಸೊಪ್ಪಿನ ಎಳೆ ಎಸಳುಗಳನ್ನು ಆರಿಸಿ ಕ್ರೇಟಿನ ಮುಂದೆ ಇಟ್ಟು ಬಂದಳು. ನಾಲ್ಕು ದಿನ ಹಾಗೇ ಮಾಡಿದಳು. ಅದನ್ನು ನೋಡಿದಾಗಲೆಲ್ಲ ನಾನು ಬೀದಿಗೆ ಓಡಿಬಿಡುತ್ತಿದ್ದೆ. ನಿಜ ಮಾತ್ರ ಹೇಳಲಿಲ್ಲ.

ಬುಜ್ಜಿ ಬದುಕಿತು. ಆದರೆ ನನ್ನ ಬುಜ್ಜಿಯಾಗಿ ಉಳಿಯಲಿಲ್ಲ. ಹಗಲು ಯಾರೂ ಇಲ್ಲದಾಗ ಎರಡು ಎಲೆ ತಿನ್ನುತ್ತಿತ್ತು. ನಾನು ಜಗಲಿಗೆ ಕಾಲಿಟ್ಟರೆ ಕ್ರೇಟಿನ ಹಿಂಬದಿಗೆ ಒತ್ತಿಕೊಂಡು ಧಪ್ ಎಂದು ನೆಲಕ್ಕೆ ಹೊಡೆಯುತ್ತಿತ್ತು. ಅಮ್ಮ ಬಂದರೂ ಇಷ್ಟಿರಲಿಲ್ಲ, ಅಜ್ಜಿ ಬಂದರಂತೂ ಕಿವಿ ಎತ್ತಿ ನೋಡುತ್ತಿತ್ತು. ನನ್ನನ್ನು ಕಂಡರೆ ಮಾತ್ರ ಹೀಗೆ. ಅದಕ್ಕೆ ನಿಜ ಗೊತ್ತಿದೆ, ನಾನೇ ಕೂಡಿಹಾಕಿದ್ದು ಎಂದು ಗೊತ್ತಿದೆ ಎಂದು ನಾನು ತೀರ್ಮಾನಿಸಿದೆ. ಸುಮ್ಮನಿರಲು ಮಾತ್ರ ಆಗಲಿಲ್ಲ. ಗಂಟೆಗೊಮ್ಮೆ ಹೋಗಿ ಇಣುಕುವುದು, ಕೈ ಚಾಚುವುದು, ಸೊಪ್ಪನ್ನು ಅದರ ಮೂಗಿಗೇ ಹಿಡಿಯುವುದು. ಒಂದು ದಿನ ತಡೆಯಲಾರದೆ ಹಿಡಿದೆಳೆದು ಮಡಿಲಿಗೆ ಹಾಕಿಕೊಂಡೆ. ಮುಂಗೈಗೆ ಉದ್ದಕ್ಕೆ ಪರಚಿ ಹೋಯಿತು. ಅಪ್ಪ ಆ ಗಾಯ ನೋಡಿದರು.

"ಇದು ಆಗೋ ಮಾತಲ್ಲ. ಹಣ್ಣುಹುಳ ಆರಿಸೋಕೆ ಅಕ್ಕ ಬರ್ತಾಳಲ್ಲ, ಆಗ ವಾಪಸ್ ಕಳಿಸಿಬಿಡಾಣ. ಅದರ ಅಮ್ಮನ ಹತ್ರ ಆದ್ರೂ ನೆಮ್ಮದಿಯಾಗಿರ್ಲಿ."

ಹುಳು ಮೇದು ಮೇದು ಕೊನೆಗೆ ಸೊಪ್ಪು ಬಿಟ್ಟು, ಹಳದಿಗೆ ತಿರುಗಿ ಗೂಡು ಕಟ್ಟಲು ಸಿದ್ಧವಾದಾಗ ಅದು ಹಣ್ಣುಹುಳ. ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಲು ಮನೆ ತುಂಬ ಕೈ ಬೇಕು. ಅದಕ್ಕೇ ಪ್ರತಿ ಬೆಳೆಗೂ ಅತ್ತೆ ಬರುತ್ತಿದ್ದರು. ಅಪ್ಪ ಆಗಲೇ ಎರಡು ಜ್ವರ ಮುಗಿಸಿದ ಎಳೆಯ ಚಾಕಿ ಹುಳುಗಳನ್ನು ತಂದು ತಟ್ಟೆಗೆ ಬಿಟ್ಟಿದ್ದರು. ಇನ್ನೆರಡು ಜ್ವರ ಮುಗಿದು ಹಣ್ಣಾಗುವುದಕ್ಕೆ ಎರಡು ವಾರದ ಮೇಲೆ ಒಂದೆರಡು ದಿನ. ನನಗಿದ್ದ ಕಾಲವೂ ಅಷ್ಟೇ. ಹುಳುಗಳು ನಿಧಾನವಾಗಿ ಬೆಳೆಯಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ರೇಷ್ಮೆ ಮನೆಯ ಮಗಳು ಮಾಡಬಾರದ ಹರಕೆ.

ಮೂರನೇ ಜ್ವರದ ದಿನ ಹುಳುಗಳೆಲ್ಲ ತಲೆ ಎತ್ತಿ ಕೂತಿದ್ದವು. ಮನೆ ಗಪ್‌ಚುಪ್. ನಾನು ಹಿತ್ತಲಿಗೆ ಐದನೆಯದೋ ಆರನೆಯದೋ ಸಲ ಹೊರಟಿದ್ದೆ. ಅಜ್ಜಿ ನನ್ನ ಲಂಗ ಹಿಡಿದು ನಿಲ್ಲಿಸಿದಳು.

"ಜ್ವರಕ್ಕೆ ಕೂತಿರೋ ಹುಳನ ಮುಟ್ತೀಯೇನೇ?"

"ಇಲ್ಲ."

"ಯಾಕೆ?"

"ಮುಟ್ಟಿದ್ರೆ ಸರಿಯಾಗಿ ಏಳಲ್ಲ."

"ಮತ್ತೆ ಆ ಮೊಲನ ಯಾಕೆ ಹಿಂಗೆ ಕೆದಕ್ತಾ ಇದೀಯ? ಅದೂ ಕೂತೈತೆ ಕಣೇ. ತಾನಾಗೇ ಏಳ್ಲಿ ಬಿಡು."

ಹೇಳುವುದೇನೋ ಸುಲಭ. ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಸುಮ್ಮನಿರಲು ಕಲಿಯತೊಡಗಿದೆ. ಮೊದಲ ದಿನ ಎಷ್ಟು ಹೊತ್ತು ಕೂತೆನೋ, ನನಗಂತೂ ಯುಗವೆನಿಸಿತು. ಬುಜ್ಜಿ ಕಣ್ಣು ಕೀಳದೆ ನನ್ನನ್ನೇ ಕಾಯುತ್ತಿತ್ತು. ಒಂದು ವಾರ ಕಳೆಯಿತು, ನಾಲ್ಕನೇ ಜ್ವರವೂ ಮುಗಿಯಿತು. ನಾನು ಅಲ್ಲಾಡದಿದ್ದರೂ ಅದು ಹೆದರುವುದು ಬಿಡಲಿಲ್ಲ. ಹತ್ತಿರ ಹೋದ ಕೂಡಲೇ ಮೂಗು ನಡುಗಿಸಿ, ಕಿವಿ ಬೆನ್ನಿಗೆ ಒತ್ತಿ, ಧಪ್.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹುಳುಮನೆಯ ಬಾಗಿಲಲ್ಲಿ ಔಷಧಿ ನೀರಿನ ಬೇಸಿನ್ ಇಟ್ಟಿರುತ್ತಿದ್ದರು. ಕೈ ಅದ್ದಿ, ಕಾಲು ತೊಳೆದೇ ಒಳಗೆ ಹೋಗಬೇಕು. ನನಗೆ ನಡೆಯಲು ಬಂದಾಗಿನಿಂದ ಕೇಳಿದ ಮಾತು ಇದು: ಜೀವ ಇರೋದನ್ನ ಮುಟ್ಟೋ ಮುಂಚೆ ಕೈ ಅದ್ದಬೇಕು. ನಾನು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೆ. ಬುಜ್ಜಿ ಹುಷಾರಿಲ್ಲದೆ ಬಿದ್ದಾಗಿನಿಂದ ಇನ್ನೂ ಹೆಚ್ಚು. ಒಂದು ಮಧ್ಯಾಹ್ನ ಬೇಸಿನ್ನಿನಲ್ಲಿ ಮೊಣಕೈವರೆಗೆ ಅದ್ದಿಕೊಂಡು ಹಿತ್ತಲಿಗೆ ಹೊರಟಾಗ ಅಜ್ಜಿ ಕೇಳಿದಳು:

"ಹುಳದ ಹತ್ರ ಹೋಗಲ್ಲ, ಮತ್ಯಾಕೆ ಕೈ ಅದ್ದಿದೆ?"

"ಬುಜ್ಜಿ ಹತ್ರ ಹೋಗ್ಬೇಕಲ್ಲ. ದಿನಾ ಅದ್ಕೊಂಡೇ ಹೋಗೋದು."

ಅಜ್ಜಿ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು. ಆಮೇಲೆ ಅದೇ ಕೈಯನ್ನು ನನ್ನ ಮೂಗಿಗೆ ಹಿಡಿದಳು.

"ಆವತ್ತು ಆ ಕೋಣೇಲಿ ಇದ್ದಿದ್ದು ಯಾವ ನಾತ?"

ನಾನು ಮೂಸಿ ನೋಡಿದೆ. ಅದೇ ನಾತ. ದಿನಕ್ಕೆ ಐದಾರು ಸಲ ಆ ಮುಚ್ಚಿದ ಕೋಣೆಯನ್ನೇ ಒಯ್ದು ಅದರ ಮೂಗಿಗೆ ಹಿಡಿದು, ಬಾ ಬಾ ಎಂದು ಕರೆಯುತ್ತಿದ್ದೆ. ಅಜ್ಜಿ ಸೋಪು ಹಾಕಿ ನನ್ನ ಕೈ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಆದರೂ ಘಾಟು ಚರ್ಮದಲ್ಲೇ ಉಳಿದಿತ್ತು. ಹುಳುಮನೆಗೆ ಹೋಗುವುದನ್ನು ನಿಲ್ಲಿಸದೆ ಅದು ಹೋಗುವಂತಿರಲಿಲ್ಲ. ಆದರೆ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಸೊಪ್ಪನ್ನು ಮಳೆ ಸುರಿದ ಸದ್ದಿನಲ್ಲಿ ಮೇಯುವ ದಿನಗಳವು. ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಕೆಲಸ ಸಾಗುವುದಿಲ್ಲ. ಅಂದು ಸಂಜೆ ಅಪ್ಪ ಸೊಪ್ಪಿನ ಹೊರೆ ಇಳಿಸಿ, ಬಾರೇ ಎಂದಾಗ ನಾನು ಬರುವುದಿಲ್ಲ ಎಂದೆ.

"ಯಾಕೆ, ಏನು ಬಂತು ನಿಂಗೆ?"

"ಔಷಧಿ ನೀರಿನ ವಾಸನೆಗೆ ಬುಜ್ಜಿ ಹೆದರ್ತೈತೆ. ವಾಸನೆ ಹೋಗೋವರೆಗೂ ಒಳಗೆ ಬರಲ್ಲ."

"ಚೆನ್ನಾಗೈತೆ! ಒಂದು ಮೊಲಕ್ಕೋಸ್ಕರ ಹುಳನ ಉಪವಾಸ ಕೆಡವೋದಾ? ಕೂಡಿಹಾಕಿದ್ದು ನಿಮ್ಮಮ್ಮ, ದಂಡ ಕಟ್ಟೋಳು ನೀನಾ?"

ಅಮ್ಮ ಪಕ್ಕದಲ್ಲೇ ಎರಡೂ ತೋಳು ತುಂಬ ಸೊಪ್ಪು ತಬ್ಬಿಕೊಂಡು ನಿಂತಿದ್ದಳು. ಅಪ್ಪನ ಮಾತಿಗೆ ಅವಳ ಮುಖ ಸಣ್ಣದಾಯಿತು. ಅಷ್ಟು ದಿನ ಮುಚ್ಚಿಟ್ಟದ್ದು ಆಗ ಬಾಯಿಗೆ ಬಂತು.

"ಅಮ್ಮ ಅಲ್ಲ. ನಾನು ನೋಡಿರ್ಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ. ಅಮ್ಮ ಬಾಗಿಲು ತೆರೆದಿಟ್ಟಿರ್ಲೇ ಇಲ್ಲ."

ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅಪ್ಪ ಹೊಡೆಯಲಿಲ್ಲ. ಅಮ್ಮನನ್ನು ನೋಡಲಾರದೆ ಹೊರೆಯ ಹಗ್ಗ ಬಿಚ್ಚತೊಡಗಿದರು. ಅಮ್ಮ ಅಷ್ಟೂ ಸೊಪ್ಪನ್ನು ತಬ್ಬಿಕೊಂಡೇ ನನ್ನ ಕಡೆ ನೋಡಿದಳು.

"ನಾನೇ ತೆರೆದಿಟ್ಟಿದ್ನೇನೋ ಅಂತ ದಿನಾ ಯೋಚನೆ ಮಾಡ್ತಿದ್ನಲ್ಲೇ," ಎಂದಳು. ಅಷ್ಟೇ. ಒಳಗೆ ಹೋದಳು.

ಎರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮುದ್ದೆ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಜಡೆ ಎಂದಿಗಿಂತ ಬಿಗಿ. ಹುಳುಮನೆಯ ಕೆಲಸದಿಂದ ನನ್ನನ್ನು ಬಿಡಿಸಿದ್ದು ಮಾತ್ರ ಅವಳೇ. ನನ್ನ ಪಾಲಿನ ಸೊಪ್ಪನ್ನೂ ತಾನೇ ಹಾಕಿದಳು. ಅಜ್ಜಿ ನನಗೆ ಬೇರೆ ಕೆಲಸ ಹಚ್ಚಿದಳು. ಅವರೆಕಾಯಿ ಕಾಲ ಅದು. ಒಂದು ಮೊರದ ತುಂಬ ಕಾಯಿ ಸುರಿದು, ಹಿತ್ತಲ ಜಗಲಿಯಲ್ಲಿ ಕ್ರೇಟಿಗೆ ಬೆನ್ನು ಹಾಕಿ ಕೂರಿಸಿದಳು.

"ಅದನ್ನ ನೋಡ್ಬೇಡ. ಕಾಯಿ ಸುಲಿ. ತಿರುಗಿ ನೋಡಿದ್ರೆ ಇನ್ನೊಂದು ಮೊರ ತಂದು ಸುರೀತೀನಿ."

ನಾನು ತಿರುಗಿ ನೋಡಿದೆ. ಅವಳು ಹೇಳಿದಂತೆಯೇ ತಂದು ಸುರಿದಳು. ನಾಲ್ಕು ದಿನ ಸುಲಿದೆ. ಉಗುರಿನ ಸಂದಿ ಕಪ್ಪಾಯಿತು, ಬೆರಳಿಗೆ ಅವರೆಯ ಸೊಗಡು ಎಣ್ಣೆಯಂತೆ ಮೆತ್ತಿಕೊಂಡಿತು, ಕೈ ಮೂಸಿದರೆ ಹಸಿವಾಗುವಂಥ ವಾಸನೆ. ಔಷಧಿ ನೀರಿನ ಘಾಟು ಯಾವಾಗ ಹೋಯಿತೋ ಗೊತ್ತಾಗಲೇ ಇಲ್ಲ. ಒಳಗೆ ನನ್ನ ಕಾಲು ಕುಣಿಯುತ್ತಲೇ ಇತ್ತು. ಬುಜ್ಜಿ ಹೊರಗೆ ಬಂತೇ, ಅಮ್ಮ ಈಗ ಮಾತಾಡುತ್ತಾಳೇ, ಅತ್ತೆ ಬಸ್ಸು ಹತ್ತಿದರೇ, ಮನಸ್ಸು ಒಂದೆಡೆ ನಿಲ್ಲದು. ಕೈ ಮಾತ್ರ ಸುಲಿಯುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಹಿಮ್ಮಡಿಗೆ ಏನೋ ತಣ್ಣಗೆ ತಗುಲಿತು. ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಓಡಿಬಿಡುತ್ತದೆಂಬ ಹೆದರಿಕೆ. ಮೀಸೆ ನನ್ನ ಕಾಲನ್ನು ಸವರಿತು, ಮಂಡಿಯ ಹತ್ತಿರ ಬಂತು, ಮೂಗು ಬೆರಳಿನ ಮೇಲೆ ಓಡಾಡಿತು. ನೆಕ್ಕಿತು. ನಾನು ಅಳುತ್ತಾ ಸುಲಿಯುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಮುಟ್ಬೇಡ," ಎಂದಳು ಪಿಸುಮಾತಿನಲ್ಲಿ. ಎರಡು ದಿನ ಕಳೆದ ಮೇಲೂ ಕೇಳಿದ್ದಕ್ಕಷ್ಟೇ ಒಂದೊಂದು ಮಾತಾಡುತ್ತಿದ್ದವಳು ತಾನಾಗಿ ಆಡಿದ ಮೊದಲ ಮಾತು. "ಅದೇ ಮುಟ್ಲಿ."

ಮಾರನೆಯ ದಿನವೇ ಹುಳು ಹಣ್ಣಾದವು, ಅತ್ತೆ ಬಂದರು. ಚಪ್ಪಲಿ ಬಿಡುವ ಮುಂಚೆಯೇ ತೆಲುಗಿನಲ್ಲಿ ಅವರ ವಿಚಾರಣೆ:

"ಏಮೇ ಪಾಪಾ, ನಾ ಬುಜ್ಜಿ ಎಟ್ಲುಂದಿ?"

ಹೇಗಿದೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಖಾಲಿ ಮಾವಿನ ಡಬ್ಬ ಹಿಡಿದು ನೇರ ಹಿತ್ತಲಿಗೆ ನಡೆದರು. ಬುಜ್ಜಿ ಅಪರಿಚಿತ ಹೆಜ್ಜೆಗೆ ಬೆಚ್ಚಿ ಕ್ರೇಟಿನಿಂದ ಚಿಮ್ಮಿತು. ಮುಂದೆ ತೆರೆದ ಹಿತ್ತಲಿತ್ತು, ಕಟ್ಟಿಗೆಯ ರಾಶಿಯಿತ್ತು, ಎಲ್ಲಿಗೆ ಬೇಕಾದರೂ ಓಡಬಹುದಿತ್ತು. ಅದು ಜಗಲಿಯ ಅಂಚಿನಲ್ಲಿ ಕೂತಿದ್ದ ನನ್ನ ಲಂಗದ ನೆರಿಗೆಯೊಳಗೆ ನುಗ್ಗಿ ತಲೆಯನ್ನು ಅಂಗೈ ಕೆಳಗೆ ತೂರಿಸಿತು. ಅದರ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಬಿಗಿ ಹಿಡಿಯಲಿಲ್ಲ. ಕೈಯನ್ನು ಸುಮ್ಮನೆ ಅದರ ಮೇಲೆ ಇಟ್ಟೆ.

"ಇದನ್ನ ಕಳಿಸ್ತೀನಿ ಅಂತ ಫೋನ್ ಮಾಡಿದ್ಯೇನೋ ತಮ್ಮಾ?" ಎಂದು ಅತ್ತೆ ನಕ್ಕರು. "ಇದು ನನ್ ಜೊತೆ ಬರಲ್ಲ ಬಿಡು." ಅಪ್ಪ ಡಬ್ಬವನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಎಸೆದರು.

ಗೂಡು ಬಿಡಿಸಿ, ಕೋಣೆ ತೊಳೆದು, ಮತ್ತೆ ಔಷಧಿ ನೀರು ಹೊಡೆಯುವ ದಿನ ಬಂತು. ಅಮ್ಮ ಅಂಟು, ಕಾಗದ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು, "ನೋಡಿದ್ಯಾ?" ಈ ಸಲ ನಾನು ನಿಜವಾಗಿ ನೋಡಿದ್ದೆ. ಚಂದ್ರಿಕೆಗಳನ್ನು ಒಂದೊಂದಾಗಿ ಸರಿಸಿ, ಮಂಡಿಯೂರಿ ನೋಡಿದ್ದೆ. "ನೋಡ್ದೆ," ಎಂದೆ. ಅಮ್ಮ ಅಂಟಿನ ಬಟ್ಟಲನ್ನು ಕೆಳಗಿಟ್ಟು, ತಾನೇ ಒಳಗೆ ಹೋಗಿ ಎಲ್ಲ ಮೂಲೆ ನೋಡಿ ಬಂದಳು. ನನ್ನ ಮುಖ ನೋಡಲಿಲ್ಲ. ಅದರ ಮುಂದಿನ ಬೆಳೆಗೂ ಹಾಗೆಯೇ: ಕೇಳಿದಳು, ಹೇಳಿದೆ, ಹೋಗಿ ನೋಡಿದಳು. ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಬುಜ್ಜಿ ನನ್ನನ್ನು ಮತ್ತೆ ನಂಬಲು ಇಪ್ಪತ್ತು ದಿನ ತೆಗೆದುಕೊಂಡಿತ್ತು. ಅಮ್ಮನಿಗೆ ಎಷ್ಟು ಬೇಕೋ ನನಗೆ ತಿಳಿಯದು, ಕೇಳುವ ಮುಖವೂ ಇರಲಿಲ್ಲ.

ಮೂರನೆಯ ಬೆಳೆ ಬೇಸಿಗೆಯದು. ಅಪ್ಪ ಹೊಡೆಯಲು ಪಂಪು ಹೊತ್ತು ನಿಂತಿದ್ದರು. ಬುಜ್ಜಿ ಹಿತ್ತಲಲ್ಲಿ ಅಜ್ಜಿಯ ಕಾಲ ಬಳಿ ಇದ್ದದ್ದು ನನಗೆ ಚೆನ್ನಾಗಿ ಗೊತ್ತಿತ್ತು.

"ನೋಡಿದ್ಯಾ?" ಎಂದಳು ಅಮ್ಮ.

"ನೋಡ್ದೆ."

"ಸರಿ, ಹೊಡೀರಿ," ಎಂದು ಅಪ್ಪನಿಗೆ ಹೇಳಿ ಅವಳು ಸಂದಿಗೆ ಅಂಟಿಸುವ ಕಾಗದ ಹರಿಯಲು ಕೂತಳು. ಒಳಗೆ ಹೋಗಲಿಲ್ಲ. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ಅಪ್ಪ ಹೊಸ್ತಿಲು ದಾಟಲು ಕಾಲೆತ್ತಿದ್ದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಒಂದ್ನಿಮಿಷ ಇರಪ್ಪಾ," ಎಂದು ಅವರನ್ನು ತಡೆದು ಒಳಗೆ ಓಡಿದೆ, ಚಂದ್ರಿಕೆಗಳ ಹಿಂದೆ ಇನ್ನೊಂದು ಸಲ ಬಗ್ಗಿ ನೋಡಿ ಬಂದೆ.